ಜೋಡು ತಂತಿಯ ಸಿದ್ರಾಮ ಮಾಮಾ

ಸಿದ್ರಾಮ ಮಾಮಾನ ಕೈಗೆ ಎರಡು ಎಳೆ ಸಿಗಬಾರದು. ಸಿಕ್ಕರೆ ಮುಗಿಯಿತು, ಹೊಸೆದೇ ಬಿಡುತ್ತಿದ್ದ. ಧೋತರದ ಅಂಚಿನಿಂದ ಜಗ್ಗಿದ ದಾರವಾಗಲಿ, ಸಕ್ಕರೆ ಪುಡಿಕೆ ಕಟ್ಟಿದ ಸುತಳಿಯಾಗಲಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸರ್ರನೆ ಹುರಿ ಮಾಡಿ, ಒಮ್ಮೆ ಕಣ್ಣೆದುರು ಎತ್ತಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಕೆಳಗಿಡುತ್ತಿದ್ದ. ಒಂದು ಸಲ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಟಿಕೀಟನ್ನೇ ಉದ್ದಕ್ಕೆ ಎರಡು ಪಟ್ಟಿಯಾಗಿ ಹರಿದು ಹೊಸೆದಿದ್ದ. ತಪಾಸಣೆಯವನು ಬಂದು ಕೈ ಚಾಚಿದರೆ ಆ ಹುರಿಯನ್ನು ಅವನ ಅಂಗೈ ಮೇಲಿಟ್ಟು, "ಬಿಚ್ಚಿ ಓದ್ಕೋರಿ ಸಾಹೇಬ್ರ, ಎಲ್ಲಾ ಅದರಾಗ ಐತಿ" ಅಂದನಂತೆ. ಸಾಹೇಬರು ವಳಸಂಗದವರೆಗೂ ಬಿಚ್ಚುತ್ತ ಕುಳಿತಿದ್ದರಂತೆ. ಇದನ್ನು ಹೇಳಿದವನೂ ಅವನೇ, ಹಾಗಾಗಿ ಅರ್ಧ ಕಳೆದು ನಂಬಬೇಕು.

ನನ್ನ ಕಣ್ಣಾರೆ ಕಂಡದ್ದು ಬೇರೆ ಇದೆ. ನಮ್ಮ ಸಾಲಿಯ ಬಹುಮಾನ ಸಮಾರಂಭ. ಒಬ್ಬರು ವಕೀಲರು, ಒಬ್ಬರು ಡಾಕ್ಟರು, ಇಬ್ಬರೂ ಅತಿಥಿಗಳು, ಇಬ್ಬರಿಗೂ ಶಾಲು ಹೊದಿಸಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಪಾಪ, ಅವರಿಬ್ಬರೂ ಯಾವುದೋ ಕಾಂಪೌಂಡ್ ಗೋಡೆಯ ಜಗಳದಿಂದ ಮಾತು ಬಿಟ್ಟವರು ಅಂತ ಹೆಡ್‌ಮಾಸ್ತರರಿಗೆ ಗೊತ್ತಿರಲಿಲ್ಲ. ಮಾಮಾ ಮೈಕಿನ ತಂತಿ ನೋಡಿಕೊಳ್ಳುತ್ತ ಕುರ್ಚಿಗಳ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಎದುರಿಗೆ ಎರಡು ಶಾಲಿನ ಗೊಂಡೆಗಳು ಜೋತಾಡುತ್ತಿದ್ದವು. ಭಾಷಣ ಉದ್ದವಾಯಿತು. ಕಡೆಗೆ ವಕೀಲರು ಮಾತಾಡಲು ಎದ್ದು ಮೈಕಿನ ಕಡೆ ನಡೆದರೆ, ಡಾಕ್ಟರ ಶಾಲೂ ಹಿಂದೆಯೇ ಹೊರಟಿತು. ಶಾಲಿನ ಹಿಂದೆ ಡಾಕ್ಟರರೂ ಹೊರಟರು. ನಾವು ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ಸತ್ತೇ ಹೋದೆವು. ಇಬ್ಬರೂ ದೊಡ್ಡ ಮನುಷ್ಯರು ಎದುರುಬದುರು ನಿಂತು ಗೊಂಡೆ ಬಿಚ್ಚಿಕೊಳ್ಳುವಾಗ ಏನೋ ಮಾತಾಡಿ ನಕ್ಕರು. ಮಾಮಾ ಮಾತ್ರ ಕುರ್ಚಿಯ ಹಿಂದಿನಿಂದ ಯಾವಾಗ ಮಾಯವಾದನೋ ಯಾರಿಗೂ ಗೊತ್ತಾಗಲಿಲ್ಲ.

ಮಾಮಾ ಅಂದರೆ ರಕ್ತಸಂಬಂಧವಲ್ಲ. ಸೊಲ್ಲಾಪುರದ ಗಿರಣಿ ಚಾಳಿನಲ್ಲಿ ನಮ್ಮ ಖೋಲಿಗೆ ಅಂಟಿಕೊಂಡ ಖೋಲಿ ಅವನದು. ನಮ್ಮವ್ವ ಅವನಿಗೆ ಅಣ್ಣಾ ಅನ್ನುತ್ತಿದ್ದಳು, ಆ ಲೆಕ್ಕದಲ್ಲಿ ನನಗೆ ಮಾಮಾ. ಬಡಕಲು ಮೈ, ಎಡಗೈ ಬಳಕೆ, ಮೈಮೇಲೆ ಯಾವಾಗಲೂ ಪಲ್ಟಣಿನ ಖಾಕಿ ಅಂಗಿ. ಅದರ ನಾಲ್ಕು ಕಿಸೆಗಳಲ್ಲಿ ಇಕ್ಕಳ, ಚಾಕು, ತಂತಿಯ ತುಂಡುಗಳು, ಅಡಿಕೆ. ಯುದ್ಧದ ಕಾಲಕ್ಕೆ ಬ್ರಹ್ಮದೇಶದಲ್ಲಿ ಫೌಜಿನವರಿಗೆ ಟೆಲಿಫೋನು ತಂತಿ ಎಳೆಯುವ ಕೆಲಸ ಮಾಡಿದ್ದನಂತೆ. ಯುದ್ಧ ಮುಗಿದ ಮೇಲೆ ಪುಣೆಯ ಹಳೆ ಬಜಾರಿನಲ್ಲಿ ಅದೇ ಫೌಜಿನ ತಂತಿ ಸುರುಳಿ ಸುರುಳಿ ಮಾರಾಟಕ್ಕೆ ಬಂದದ್ದನ್ನು ಕಂಡು, ಕಳೆದುಹೋದ ಎತ್ತು ಸಂತೆಯಲ್ಲಿ ಸಿಕ್ಕವರಂತೆ ಕೊಂಡು ತಂದಿದ್ದ. ಆ ತಂತಿಯ ಮೇಲೆಯೇ ಅವನ ಧಂದೆ ನಿಂತಿತ್ತು. ಎರಡು ಭೋಂಗಾ, ಒಂದು ಆಂಪ್ಲಿಫಾಯರ್, ಫೌಜಿನ ಒಂದು ಕೈಮೈಕು. ಗಿರಣಿಯ ಸೀಟಿಗೂ ಭೋಂಗಾ ಅನ್ನುತ್ತಿದ್ದೆವು, ಮದುವೆಯಲ್ಲಿ ಹಾಡು ಒದರುವ ತಗಡಿನ ಹೂವಿಗೂ ಭೋಂಗಾ ಅನ್ನುತ್ತಿದ್ದೆವು. ಮಾಮಾನಿಗೆ ಅದು ಸೇರುತ್ತಿರಲಿಲ್ಲ. "ಗಿರಣಿ ಭೋಂಗಾ ಮಂದೀನ ಕೆಲಸಕ್ಕ ಕರೀತದ, ನಂದು ಊಟಕ್ಕ ಕರೀತದ. ಎರಡೂ ಒಂದ ಹೆಂಗಾದ್ವು?" ಅನ್ನುತ್ತಿದ್ದ.

ಬಜಾರಿನಿಂದ ತಂದದ್ದು ಒಂಟಿ ತಂತಿ. ಅದನ್ನು ಜೋಡು ಮಾಡಿ ಹೊಸೆಯುವವನು ಅವನೇ. ಚಾಳಿನ ಅಂಗಳದ ಈ ತುದಿಯಿಂದ ಆ ತುದಿಗೆ ಎರಡು ಎಳೆ ಹಿಡಿದು, ಒಂದು ತುದಿ ಬೇವಿನ ಗಿಡಕ್ಕೆ ಕಟ್ಟಿ, ಇನ್ನೊಂದು ತುದಿಗೆ ಕೋಲು ಸಿಕ್ಕಿಸಿ ಗರಗರ ತಿರುವುತ್ತ ನಿಂತರೆ ನಮಗೆ ಒಣಗಲು ಹಾಕಿದ ಸೀರೆ ತೆಗೆಯಲಿಕ್ಕೂ ದಾರಿಯಿಲ್ಲ. ನಾನು ಆಗ ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕುಳಿತಿದ್ದೆ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮಾಮಾ, ಎರಡ ತಂತಿ ಸೀದಾ ಬಿಟ್ರ ಹಾಡ ಹೋಗೂದಿಲ್ಲೇನು? ಸುಳ್ಳ ಯಾಕ ಹೊಸೀತಿ?"

"ಹೋಗ್ತದ ಚಂದ್ರೀ. ಹಾಡ ಹೋಗ್ತದ, ಜೋಡಿಗೆ ಊರ ಗದ್ದಲಾನೂ ಹೋಗ್ತದ. ಆ ಕಂಬದ ಮ್ಯಾಲ ಲೈಟಿನ ತಂತಿ ನೋಡು. ಅದು ಸುಮ್ಮ ಕೂಡೂದಿಲ್ಲ, ಗುಂಯ್ ಅಂತ ತನ್ನ ರಾಗಾ ನಮ್ಮ ತಂತ್ಯಾಗ ತುರಕತದ."

"ಹೊಸದ್ರ ತುರಕೂದಿಲ್ಲೇನು?"

"ಹೊಸದ್ರೂ ತುರಕತದ. ಖರೆ ಎರಡೂ ಎಳಿಗೆ ಸರೀ ತುರಕತದ. ಒಬ್ಬ ಗಂಡ ಒಬ್ಬ ಹೆಂಡ್ತಿ ಅಂತ ತಿಳಿ. ಚಾಡಿ ಹೇಳಾವ ಇಬ್ಬರಿಗೂ ಒಂದ ಚಾಡಿ ಹೇಳಿದಾ ಅಂದ್ರ, ಮನಿಗೆ ಹೋಗಿ ಕೂಡಿದ ಕೂಡ್ಲೇ ಆ ಚಾಡಿ ವಜಾ ಆಗ್ತದ. ಉಳಿಯೂದು ಮನೀ ಮಾತ ಅಷ್ಟ." ಇಷ್ಟು ಹೇಳಿ ಕೋಲು ಇನ್ನೂ ನಾಲ್ಕು ಸುತ್ತು ತಿರುವುತ್ತಿದ್ದ. ಮುಂದೆ ಎಷ್ಟೋ ವರ್ಷಗಳ ಮೇಲೆ ನನ್ನ ಮಗಳು ಕಾಲೇಜಿನ ಪುಸ್ತಕ ತೆರೆದು ಇದನ್ನೇ ನನಗೆ ಓದಿ ಹೇಳಿದಳು. ಅದರಲ್ಲಿ ಗಂಡ ಹೆಂಡತಿ ಇರಲಿಲ್ಲ, ಹಾಗಾಗಿ ನನಗೆ ಸರಿಯಾಗಿ ತಿಳಿಯಲಿಲ್ಲ.

ಗಂಡ ಹೆಂಡತಿಯ ಮಾತು ಬಂತಲ್ಲ. ಮಾಮಾನ ಹೆಂಡತಿ ಕಾಶವ್ವ ಅತ್ತಿ. ಅವನ ದುಕಾನು ಓಣಿಯ ಬಾಯಿಗೆ, ಅಡುಗೆಮನೆ ಚಾಳಿನ ಒಳಗೆ. ಚಹಾಕ್ಕಾಗಿ ಎದ್ದೆದ್ದು ಬರುವುದು ಬೇಸರವಾಗಿ ಎರಡರ ನಡುವೆ ಜೋಡು ತಂತಿ ಎಳೆದು, ಎರಡು ತುದಿಗೂ ಒಂದೊಂದು ಕಟ್ಟಿಗೆಯ ಪೆಟ್ಟಿಗೆ ಕೂರಿಸಿದ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಆ ಕಡೆಯ ಮಾತು ಕೇಳಬಹುದು. ನಾಲ್ಕು ದಿನ ಚಾಳಿನ ಹೆಂಗಸರೆಲ್ಲ ಬಂದು ಪೆಟ್ಟಿಗೆಯ ಮುಂದೆ ಬಗ್ಗಿ "ಹಲೋ" ಅಂದು ಹೋದರು. ಐದನೆಯ ದಿನ ದುಕಾನಿನ ಪೆಟ್ಟಿಗೆಯ ಗುಂಡಿ ಒತ್ತಿದ್ದು ಮೇಲೇಳಲಿಲ್ಲ, ಸಿಕ್ಕಿಕೊಂಡಿತು. ಮಾಮಾನಿಗೆ ಗೊತ್ತಿಲ್ಲ. ಯಾರೋ ಗಿರಾಕಿ, "ಹೊಸಾ ಭೋಂಗಾ ತಗೊಳಾಕ ಮನಿಯಾವ್ರು ಹೂಂ ಅನಬೇಕಲ್ಲ?" ಅಂದ. ಮಾಮಾ ಎದೆ ಉಬ್ಬಿಸಿ, "ನಮ್ಮ ಮನ್ಯಾಗ ನಂದ ರಾಜ್ಯಾರೀ. ನಾ ಕೂಡಂದ್ರ ಕೂಡಬೇಕು, ಏಳಂದ್ರ ಏಳಬೇಕು" ಅಂದ. ಆಮೇಲೆ ಗುಂಡಿ ಸಿಕ್ಕಿಕೊಂಡದ್ದು ಕಣ್ಣಿಗೆ ಬಿದ್ದು ತಿವಿದು ಬಿಡಿಸಿದ ಕೂಡಲೇ ಪೆಟ್ಟಿಗೆ ಗಂಟಲು ಸರಿಮಾಡಿಕೊಂಡು ಹೇಳಿತು: "ಹೌದ್ರಿ? ಮತ್ತ ಇವತ್ತ ಮುಂಜಾನಿ ನಳದಿಂದ ಎಂಟ ಕೊಡಾ ನೀರ ತಂದ ರಾಜಾ ಯಾರ್ರಿ?" ಗಿರಾಕಿ ನಗುತ್ತ ಬೀದಿಗೆ ಓಡಿದ. ಮಾಮಾ ಸಂಜೆ ಅದನ್ನು ಚಾಳಿಗೆಲ್ಲ ತಾನೇ ಹೇಳಿ, "ಆದ್ರ ದನಿ ಎಷ್ಟ ಸ್ವಚ್ಛ ಬಂತ ನೋಡ್ರಿ" ಅಂದ.

ಹಾಗೆ ನೋಡಿದರೆ ಅವನಿಗೆ ಮಾನ ಮರ್ಯಾದೆಯ ಚಿಂತೆ ಒಂದೇ ಒಂದು ವಿಷಯದಲ್ಲಿ. ಅವನ ಕಪ್ಪು ಮೈಗೆ ನಗಿರಿ, ಬಡಕಲು ಕಾಲಿಗೆ ನಗಿರಿ, ಅವನೂ ನಗುತ್ತಾನೆ. ತಂತಿಗೆ ಮಾತ್ರ ನಗಬಾರದು. "ಬಾಂಬ್ ಬಿದ್ದಾಗ ಸೈತ ನನ್ನ ಲೈನ್ ಹರದಿಲ್ಲ" ಎಂದು ಮೀಸೆ ತಿರುವುತ್ತಿದ್ದ. ಅಪ್ಪ ಕೂತಲ್ಲಿಂದಲೇ, "ಬಾಂಬ್ ಎಲ್ಲಿ ಬಿದ್ದಿತ್ತೋ ಸಿದ್ಯಾ?" ಎಂದು ಕೇಳಿದರೆ, "ಹತ್ತ ಮೈಲ ಆ ಕಡೆ ಬಿದ್ದಿತ್ತು. ಬಿದ್ದಿದ್ದಂತೂ ಖರೆ ಹೌದಲ್ಲ?" ಅನ್ನುತ್ತಿದ್ದ. ಬೇರೆ ಭೋಂಗಾದವರ ಹಾಡು ನಡುನಡುವೆ ಕಡಿದರೆ ಮೂಗು ಮುರಿದು, "ಲೈನ್ ಕಡದವಂದು ಅನ್ನ ಕಡದಂಗ" ಎಂದುಬಿಡುತ್ತಿದ್ದ.

ಇನ್ನು ನಮ್ಮಪ್ಪನ ಮಾತು. ನಾವು ಮೂಲದಲ್ಲಿ ಕರಜಗಿಯ ಕುರಿಗಾರರು, ಬೀರೋಬ ಎಂಬ ಬೀರಪ್ಪ ದೇವರ ಒಕ್ಕಲು. ಅಪ್ಪ ಕುರಿ ಮಾರಿ ಸೊಲ್ಲಾಪುರದ ಗಿರಣಿ ಸೇರಿದರೂ ಡೊಳ್ಳಿನ ಪದ ಬಿಟ್ಟಿರಲಿಲ್ಲ. ಅವನ ದನಿಗೆ ಚಾಳು ಪೂರ್ತಿ ಬಾಗಿಲಿಗೆ ಬಂದು ಕೂಡುತ್ತಿತ್ತು. ಆ ದನಿಯಲ್ಲೇ ಮೊದಲು ಕೆಮ್ಮು ಸೇರಿತು, ಆಮೇಲೆ ಕೆಮ್ಮಿನಲ್ಲಿ ರಕ್ತ ಸೇರಿತು. ಡಾಕ್ಟರು ಟೀಬಿ ಅಂದರು. ಗಿರಣಿ ಬಿಡಿಸಿರಿ, ಗಾಳಿ ಬೆಳಕಿನ ಕಡೆ ಇಡಿರಿ, ಮಂದಿಯೊಳಗೆ ಬಿಡಬೇಡಿರಿ ಅಂದರು. ಅಕ್ಕಲಕೋಟೆಯ ಹೊರಗೆ ಅಪ್ಪನ ಅಕ್ಕ ನೀಲವ್ವನ ಹೊಲವಿತ್ತು. ಆ ಹೊಲದ ಗುಡಿಸಲಿನಲ್ಲಿ ಅಪ್ಪನ ಹಾಸಿಗೆ ಬಿತ್ತು. ಅವ್ವ ಅನ್ನ ಹೊತ್ತು ಹೋಗಿ ಬರುತ್ತಿದ್ದಳು. ಉಳಿದವರು ಬದುವಿನ ಮೇಲೆ ನಿಂತು ಮಾತಾಡಿಸಿ ಬರುತ್ತಿದ್ದರು. ನನ್ನನ್ನೂ ಅಪ್ಪ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಕೈಸನ್ನೆ ಮಾಡಿ ದೂರವೇ ನಿಲ್ಲಿಸುತ್ತಿದ್ದ. ಮಾಮಾ ಒಬ್ಬ ಮಾತ್ರ ಹೋದವನೇ ಹಾಸಿಗೆಯ ಪಕ್ಕ ಕೂತು ಅಡಿಕೆ ಕತ್ತರಿಸುತ್ತಿದ್ದ. ಬಯ್ದರೆ, "ನನ್ನ ಮೈಯಾಗ ಟೀಬಿ ಕೂಡಾಕ ಜಾಗಾ ಎಲ್ಲೈತಿ?" ಎಂದು ತನ್ನ ಪಕ್ಕೆಲುಬು ತೋರಿಸುತ್ತಿದ್ದ.

ಅದೇ ಬೇಸಿಗೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಸಲಗರ ಬುದ್ರುಕದ ಹುಡುಗ, ಎಸ್.ಟಿ.ಯಲ್ಲಿ ಕಂಡಕ್ಟರು. ಅಪ್ಪ ಇರುವಾಗಲೇ ಆಗಿಬಿಡಲಿ ಎಂದು ಎಲ್ಲರಿಗೂ ಅವಸರ. ನೀಲತ್ತಿಯ ಮನೆ ಅಕ್ಕಲಕೋಟೆಯ ಅಂಚಿನಲ್ಲೇ ಇದ್ದದ್ದರಿಂದ ಅಲ್ಲಿಯೇ ಹಂದರ ಹಾಕುವುದೆಂದಾಯಿತು. ಅಷ್ಟರಲ್ಲಿ ಹುಡುಗನ ತಾಯಿ ಲಗಮವ್ವ ಬಂದು ಒಂದು ಮಾತು ಕಡ್ಡಿ ಮುರಿದಂತೆ ಹೇಳಿ ಹೋದರು: "ಹುಡಗಿ ಚಲೋ ಅದಾಳ, ಒಲ್ಯಾ ಅನ್ನೂದಿಲ್ಲ. ಖರೆ ಆ ಬ್ಯಾನಿ ಮನಷ್ಯಾ ಹಂದರದಾಗ ಕಾಲ ಇಡಬಾರದು. ನನಗ ಒಬ್ಬನ ಮಗಾ."

ಅವರದೇನೂ ತಪ್ಪಿಲ್ಲ ಬಿಡಿ, ಆ ಕಾಲವೇ ಹಾಗಿತ್ತು. ಆದರೆ ನಮ್ಮ ಮನೆತನದಲ್ಲಿ ಇನ್ನೊಂದು ಪದ್ಧತಿ. ಹೆಣ್ಣಿನ ತಂದೆ ಹಂದರದಲ್ಲಿ ನಿಂತು ಬೀರೋಬನ ಮೇಲೆ ಒಂದು ಪದ ಹೇಳಬೇಕು, ಆಮೇಲೆಯೇ ಅಕ್ಕಿಕಾಳು ಬೀಳಬೇಕು. ನನ್ನ ಮುತ್ತಜ್ಜಿಯಿಂದ ಹಿಡಿದು ಯಾರದ್ದೂ ಅದಿಲ್ಲದೆ ಆಗಿರಲಿಲ್ಲ. ಅಪ್ಪ ಪದ ಹೇಳದಿದ್ದರೆ ನಾನು ಬಾಸಿಂಗ ಕಟ್ಟಿಸಿಕೊಳ್ಳುವುದಿಲ್ಲ ಎಂದು ಕಂಬ ತಬ್ಬಿ ಕುಳಿತೆ. ಅವ್ವ ಬಯ್ದಳು, ನೀಲತ್ತಿ ರಮಿಸಿದಳು. ನನಗೆ ಒಳಗೆ ಗೊತ್ತಿತ್ತು, ಇನ್ನೊಂದು ವರ್ಷಕ್ಕೆ ಅಪ್ಪನ ದನಿ ಇರುವುದಿಲ್ಲ. ಇದೊಂದು ಸಲ ಕೇಳದಿದ್ದರೆ ಇನ್ನೆಂದೂ ಇಲ್ಲ.

ಸುದ್ದಿ ತಿಳಿದ ಮಾಮಾ ಬಸ್ಸು ಹತ್ತಿ ಬಂದ. ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ನಿಮ್ಮಪ್ಪ ಹಂದರಕ್ಕ ಬರಬಾರದು, ಅಷ್ಟ ಹೌದಲ್ಲೋ? ಅವನ ದನಿ ಬರಬಾರದು ಅಂತ ಯಾರರ ಅಂದಾರೇನು?" ಅಂದ.

ಗುಡಿಸಲಿಗೂ ಹಂದರಕ್ಕೂ ಎರಡು ಫರ್ಲಾಂಗು. ಗುಡಿಸಲಿನಲ್ಲಿ ಮೈಕು, ಹಂದರದಲ್ಲಿ ಭೋಂಗಾ, ನಡುವೆ ಜೋಡು ತಂತಿ. ಬೀಗರನ್ನು ಒಪ್ಪಿಸಲಿಕ್ಕೂ ಅವನೇ ಹೋದ. ಲಗಮವ್ವ, "ತಂತಿ ಒಳಗಿಂದ ಬ್ಯಾನಿ ಬರೂದಿಲ್ಲೇನು?" ಎಂದು ಕೇಳಿದರಂತೆ. "ಬ್ಯಾನಿ ದಪ್ಪರೀ ಯವ್ವಾ, ತಂತಿ ಸಣ್ಣದು, ಹಿಡಿಸೂದಿಲ್ಲ" ಅಂದನಂತೆ ಮಾಮಾ. ಅವರು, "ಪದಾ ಬರ್ಲಿ. ಖರೆ ಒಂದ ಕೆಮ್ಮ ನನ್ನ ಕಿವೀಗೆ ಬಿತ್ತೋ, ವರನ ಕೈ ಹಿಡದ ಎಬ್ಬಿಸಿಕೊಂಡ ಹೋಗ್ತೀನಿ. ಮದುವಿ ಹೊತ್ತಿನ್ಯಾಗ ಆ ಸಪ್ಪಳಾ ನನಗ ಬ್ಯಾಡ" ಎಂದು ಷರತ್ತು ಹಾಕಿ ಒಪ್ಪಿದರು.

ಗೋಧೂಳಿ ಮುಹೂರ್ತ. ಮಾಮಾ ಹಿಂದಿನ ದಿನವೇ ಬಂದು ಹೊಲದ ಬೇಲಿಯ ಮೇಲಿಂದ, ರಸ್ತೆಯ ಲೈಟಿನ ಕಂಬಗಳ ಪಕ್ಕದಿಂದ ತಂತಿ ಎಳೆದು, ಹಂದರದ ಬಾಗಿಲಲ್ಲಿ ತುದಿ ಇಳಿಬಿಟ್ಟಿದ್ದ. ಹಂದರದ ಕಡೆ ಆಂಪ್ಲಿಫಾಯರ್ ನೋಡಿಕೊಳ್ಳಲಿಕ್ಕೆ ಕಾಶವ್ವ ಅತ್ತಿ. ಅಡುಗೆಮನೆಯ ಪೆಟ್ಟಿಗೆಯಿಂದಾಗಿ ಅವಳಿಗೂ ಆ ವಿದ್ಯೆ ಬಂದಿತ್ತು. ಮದುವೆಯ ದಿನ ಮಧ್ಯಾಹ್ನ ಮಾಮಾ ಮೈಕು ಹಿಡಿದು ಗುಡಿಸಲಿಗೆ ಹೋದ. ನಾಲ್ಕು ಗಂಟೆಗೆ ಒಮ್ಮೆ ಮಾತಾಡಿ ನೋಡುವುದೆಂದು ಹೇಳಿಕೆಯಾಗಿತ್ತು.

ನಾಲ್ಕಾಯಿತು. ಕಾಶವ್ವ ಅತ್ತಿ ತಂತಿ ಸಿಕ್ಕಿಸಿ ಗುಂಡಿ ತಿರುವಿದಳು. ಭೋಂಗಾದಿಂದ ಗುಂಯ್ ಎಂದು ಹೆಜ್ಜೇನು ಎದ್ದಂತೆ ಸದ್ದು ಬಂತು. ಆ ಸದ್ದಿನ ಒಳಗೆ ಎಲ್ಲೋ ಮಾಮಾ "ಹಲೋ ಕಾಶೀ" ಅನ್ನುತ್ತಿದ್ದ. ಅದೂ ನಮಗೆ ಗೊತ್ತಿದ್ದರಿಂದ ಕೇಳಿಸಿತು, ಇಲ್ಲದಿದ್ದರೆ ಇಲ್ಲ. ಆ ಸದ್ದು ಗುಡಿಸಲಿಗೂ ಕೇಳಿಸಿರಬೇಕು, ಸ್ವಲ್ಪ ಹೊತ್ತಿಗೆ ಮಾಮಾನೇ ತಂತಿಯ ಗುಂಟ ಓಡಿ ಬಂದ. ರಸ್ತೆಯ ತಿರುವಿಗೆ ಬಂದವನು ಹಾಗೆಯೇ ನಿಂತುಬಿಟ್ಟ.

ತಿರುವಿನಿಂದ ಹಂದರದವರೆಗೆ, ನೂರು ಮಾರು ಉದ್ದ, ತಂತಿಯ ಹುರಿಯೇ ಇರಲಿಲ್ಲ. ಒಂದು ಎಳೆ ರಸ್ತೆಯ ಈ ಬದಿಗೆ, ಇನ್ನೊಂದು ಎಳೆ ಆ ಬದಿಗೆ, ಎರಡೂ ಸೀದಾ ನೀಟಾಗಿ, ನಡುನಡುವೆ ಮಾವಿನೆಲೆ ಬೇರೆ ಸಿಕ್ಕಿಸಿಕೊಂಡು ಬಂದಿದ್ದವು.

ಮಾಡಿದವಳು ನೀಲತ್ತಿ, ಜೊತೆಗೆ ಕರಜಗಿಯಿಂದ ಬಂದ ಹದಿನೈದು ಹೆಂಗಸರು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದಳು: "ಸಿದ್ರಾಮಾ, ನಿನಗರ ತಿಳೀಬಾರದೇನೋ? ಮದುವಿ ಮನಿಗೆ ಎಡಹುರಿ ತರ್ತಾರೇನು? ಅದಕ್ಕ ನೀ ಆ ಕಡೆ ಹೋದಾಗಿಂದ ನಾವ ಕುಂತ ಬಿಚ್ಚಿ ಹಾಲಿನಂಗ ಸೀದಾ ಮಾಡೀವಿ."

ಉಣ್ಣೆ ನೂತು ಕಂಬಳಿ ಮಾಡುವ ಮಂದಿ ನಾವು. ನಮ್ಮ ಹೆಂಗಸರ ಕಣ್ಣು ದಾರ ಕಂಡರೆ ಮೊದಲು ನೋಡುವುದೇ ಅದು ಎಡಕ್ಕೆ ಹೊಸೆದದ್ದೋ ಬಲಕ್ಕೆ ಹೊಸೆದದ್ದೋ ಎಂದು. ಬಲಹುರಿ ತೊಟ್ಟಿಲಿಗೆ, ಕಂಬಳಿಗೆ, ಕಂಕಣಕ್ಕೆ. ಎಡಹುರಿ ಹೊಸೆಯುವುದು ಹೆಣದ ಚಟ್ಟ ಕಟ್ಟಲಿಕ್ಕೆ ಮಾತ್ರ. ಮಾಮಾ ಎಡಚ, ಅವನು ತಿರುವಿದ ತಂತಿಯೆಲ್ಲ ಎಡಹುರಿ. ರೋಗಿ ಅಪ್ಪನ ಗುಡಿಸಲಿನಿಂದ ಮಗಳ ಹಂದರಕ್ಕೆ ಎಡಹುರಿ ಬರುವುದನ್ನು ಕಂಡು ನೀಲತ್ತಿಯ ಜೀವ ಹೇಗೆ ತಡೆದೀತು? ಅವಳೂ ತಮ್ಮನ ಸಲುವಾಗಿಯೇ ಮಾಡಿದ್ದಳು.

ಮಾಮಾ ರಸ್ತೆಯ ನಡುವೆ ಕುಳಿತುಬಿಟ್ಟ. ಎರಡೂ ಬದಿಯ ತಂತಿ ನೋಡಿದ, ತಲೆಯ ಮೇಲಿನ ಲೈಟಿನ ತಂತಿ ನೋಡಿದ, ಪಡುವಣಕ್ಕೆ ಸೂರ್ಯನನ್ನು ನೋಡಿದ. ಒದರಾಡುತ್ತಾನೆ ಎಂದು ನಾವು ಕಾದೆವು. ಅವನು ಮೆಲ್ಲಗೆ, "ಯಕ್ಕಾ, ನಿಮಗ ಹೊಸಿಯಾಕ ಬರ್ತದೇನು?" ಎಂದು ಕೇಳಿದ.

"ಏನಂದಿ? ಕದರ ಹಿಡಕೊಂಡ ಹುಟ್ಟೀವಿ ನಾವು!"

"ಹಂಗಾರ ಬಲಹುರೀನ ಹೊಸದ ಕೊಡ್ರಿ. ತಂತಿಗೆ ಎಡಾನೂ ಇಲ್ಲ ಬಲಾನೂ ಇಲ್ಲ, ಹುರಿ ಬೇಕು. ಹೊತ್ತ ಮುಳಗೂದ್ರಾಗ ಹೊಸೀದಿದ್ರ ಚಂದ್ರಿ ಅಪ್ಪನ ದನಿ ಬರೂದಿಲ್ಲ."

ಮುಂದೆ ನಡೆದದ್ದನ್ನು ಅಕ್ಕಲಕೋಟೆಯ ಆ ಓಣಿಯವರು ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು. ಹೆಂಗಸರು ಆರಾರು ಮಾರಿಗೆ ಒಬ್ಬೊಬ್ಬರಂತೆ ಕಚ್ಚೆ ಬಿಗಿದು ರಸ್ತೆಯಲ್ಲಿ ಸಾಲಾಗಿ ನಿಂತರು. ಒಂದು ತುದಿಗೆ ಕೋಲು ಸಿಕ್ಕಿಸಿ ತಿರುವುತ್ತ ಮಾಮಾ ನಿಂತ. ಅವನ ಕೈ ಹಟ ಮಾಡಿ ಮತ್ತೆ ಎಡಕ್ಕೇ ತಿರುಗಿತು, ಹದಿನೈದು ಹೆಂಗಸರು ಒಟ್ಟಿಗೆ ಬೊಬ್ಬೆ ಹೊಡೆದರು. ಬೀಗರ ಗಾಡಿಗಳು ಬಂದು ದಾರಿಯಿಲ್ಲದೆ ನಿಂತವು. ಗಾಡಿಯಿಂದ ಇಳಿದ ಲಗಮವ್ವ ಸ್ವಲ್ಪ ಹೊತ್ತು ನೋಡಿದರು. ಅವರೂ ಉಣ್ಣೆಯ ಮನೆತನದವರೇ ತಾನೆ. ತಡೆಯಲಾಗಲಿಲ್ಲ. "ಅಯ್ಯ ನಿನ್ನ, ಹಂಗ ತಿರುವಿದ್ರ ಎಳಿ ಗಂಟ ಬೀಳೂದಿಲ್ಲೇನು? ತಾ ಇಲ್ಲೆ!" ಎಂದು ಮಾಮಾನ ಕೈಯಿಂದ ಕೋಲು ಕಸಿದುಕೊಂಡು, ರೇಷ್ಮೆ ಸೀರೆಯಲ್ಲೇ ನಿಂತು, ನೂರು ಮಾರಿಗೂ ಅವರೇ ತಿರುವಿದರು. ಅರಿಷಿಣದ ಕೈಯಲ್ಲಿ ನಾನೂ ಆರು ಮಾರು ಹಿಡಿದಿದ್ದೆ. ಯಾರೂ ನನ್ನನ್ನು ಒಳಗೆ ಹೋಗು ಅನ್ನಲಿಲ್ಲ.

ಸೂರ್ಯ ಕೆಂಪಾಗುವಷ್ಟರಲ್ಲಿ ಹುರಿ ಮುಗಿಯಿತು, ಮಾಮಾ ಗುಡಿಸಲಿಗೆ ಓಡಿದ. ಕೈಮೈಕಿನ ಗುಂಡಿ ಒತ್ತಿ ಹಿಡಿದರೆ ಮಾತ್ರ ದನಿ ಹೋಗುವುದು. ಅಷ್ಟು ಹೊತ್ತು ಒತ್ತಿ ಹಿಡಿಯುವ ಕಸುವು ಅಪ್ಪನ ಬೆರಳಿಗೆ ಇರಲಿಲ್ಲ, ಹಾಗಾಗಿ ಮಾಮಾನೇ ಪಕ್ಕದಲ್ಲಿ ಕೂತು ಹಿಡಿಯುವುದೆಂದಾಗಿತ್ತು.

ನಾನು ಬಾಸಿಂಗ ಕಟ್ಟಿಕೊಂಡು ಅಂತರಪಟದ ಹಿಂದೆ ನಿಂತೆ. ಕಾಶವ್ವ ಅತ್ತಿ ಗುಂಡಿ ತಿರುವಿದಳು. ಗುಂಯ್ ಇಲ್ಲ, ಏನೂ ಇಲ್ಲ. ಆ ಸುಮ್ಮಗಿದ್ದುದರೊಳಗಿಂದ ನಮ್ಮಪ್ಪ ಹಾಡಿದ.

"ಹಿಂಡಿನಾಗ ಬೆಳದ ಮರಿ, ಹೊಂಟಿ ನೀ ಹೊಸಾ ದಾರಿ,
ಹಿಂದ ನೋಡಬ್ಯಾಡ ಮಗಳ, ಮುಂದ ಬೀರಪ್ಪ ನಿಂತಾನ..."

ಪಕ್ಕದಲ್ಲೇ ನಿಂತು ಹಾಡಿದಂತಿತ್ತು. ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಎರಡನೆಯ ನುಡಿಯ ನಡುವೆ ಮಾತ್ರ ದನಿ ಫಕ್ಕನೆ ಕಡಿಯಿತು. ಎಲ್ಲರೂ ಭೋಂಗಾದ ಕಡೆ ಕತ್ತು ಎತ್ತಿದರು. ಮತ್ತೆ ಬಂತು. ಮತ್ತೊಮ್ಮೆ ಕಡಿಯಿತು, ಬಂತು. ಮೂರನೆಯ ಸಲ ಬಹಳ ಹೊತ್ತು ಏನೂ ಇಲ್ಲ, ಭಟ್ಟರು ಮುಹೂರ್ತ ಮುಹೂರ್ತ ಎಂದು ಚಡಪಡಿಸಿದರು. ಕಡೆಗೆ ಕೊನೆಯ ಸಾಲು ಬಂತು, ಪದ ಪೂರ್ತಿಯಾಯಿತು, ಅಕ್ಕಿಕಾಳು ಬಿದ್ದವು. ನಾನು ಅತ್ತದ್ದು ಅಂತರಪಟದ ಹಿಂದೆ, ಲಗಮವ್ವ ಅತ್ತದ್ದು ಎಲ್ಲರ ಎದುರಿಗೆ. ಕಣ್ಣೊರೆಸಿಕೊಂಡು ಅವರು ಹೇಳಿದ ಮಾತು ಊರಿಗೇ ಗಾದೆಯಾಯಿತು: "ದನಿ ಬಂಗಾರ, ತಂತಿ ಸುಮಾರ."

ಮಾಮಾ ಬಂದ ಕೂಡಲೆ ಎಲ್ಲರೂ ಮುತ್ತಿಕೊಂಡರು. ಬಾಂಬ್ ಬಿದ್ದರೂ ಹರಿಯದ ಲೈನು ಮೂರು ಸಲ ಹರಿಯಿತೇನೋ ಎಂದು ನೀಲತ್ತಿ ಕೇಳಿದಳು. ಮಾಮಾ ಮೀಸೆ ತಿರುವಲಿಲ್ಲ. "ಹಳೀ ತಂತಿ ಯಕ್ಕಾ, ಏನ ಮಾಡೂದು" ಎಂದು ಬೂಂದಿ ತಿನ್ನುತ್ತ ಕುಳಿತ. ನನಗೆ ಆಶ್ಚರ್ಯವಾಯಿತು. ನಾವು ಹೊಸೆದದ್ದಕ್ಕೇ ಹಾಗಾಯಿತೇನೋ, ಹೇಳಲಿಕ್ಕೆ ಸಂಕೋಚಪಟ್ಟಿದ್ದಾನೆ ಎಂದುಕೊಂಡೆ.

ಪಂಚಮಿಗೆ ತವರಿಗೆ ಬಂದಾಗ ಬದುವಿನ ಮೇಲೆ ನಿಂತು ಅಪ್ಪನನ್ನು ಮಾತಾಡಿಸಿದೆ. ಅವನು ಬಹಳ ಇಳಿದುಹೋಗಿದ್ದ. "ಪದಾ ಹೆಂಗ ಕೇಳ್ತವ್ವಾ?" ಅಂದ. "ಚಂದ ಕೇಳ್ತಪ್ಪಾ. ಮಾಮಾನ ತಂತೀನ ಮೂರ ಸಲ ಕೈಕೊಟ್ತು" ಅಂದೆ. ಅಪ್ಪ ಹೇಳಿದ: "ತಂತಿ ಎಲ್ಲಿ ಕೈಕೊಟ್ತ ಹುಚ್ಚೀ. ಕೆಮ್ಮ ಬಂದಾಗೊಮ್ಮೆ ಸಿದ್ಯಾ ಗುಂಡಿ ಬಿಡತಿದ್ದಾ. ಒಂದ ಕೈಲೇ ನನ್ನ ಬೆನ್ನ ತಿಕ್ಕತಿದ್ದಾ. ಕೆಮ್ಮ ನಿಂತ ಮ್ಯಾಲ ಮತ್ತ ಒತ್ತತಿದ್ದಾ."

ಅಪ್ಪ ದೀಪಾವಳಿ ಕಾಣಲಿಲ್ಲ. ನಾನು ಸೊಲ್ಲಾಪುರಕ್ಕೆ ಹೋದಾಗ ಮಾಮಾನನ್ನು ದುಕಾನಿನಲ್ಲೇ ಹಿಡಿದು, ಊರಿಗೆಲ್ಲ ಹೇಳುತ್ತೇನೆ ಎಂದೆ. ಅವನು ಇಕ್ಕಳ ಕೆಳಗಿಟ್ಟ. "ಹೇಳಗೀಳಿ ಮತ್ತ! ನಿಮ್ಮತ್ತಿಗೆ ಮಾತ ಕೊಟ್ಟ ಬಂದೀನಿ, ಕೆಮ್ಮ ಕೇಳಸೂದಿಲ್ಲಂತ. ನೀ ಆಕಿ ಮನ್ಯಾಗ ಬಾಳಬೇಕವ್ವಾ. ತಂತಿಗೇನು, ಅಂದ್ರ ಅನಿಸಿಕೋತದ." ಅವನು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅನಿಸಿಕೊಂಡದ್ದು ತಂತಿಯಲ್ಲ, ಅವನು. ಸಲಗರದ ಮಂದಿ, ಅಕ್ಕಲಕೋಟೆಯ ಮಂದಿ ತಮ್ಮ ಮದುವೆಗಳಿಗೆ ಬೇರೆ ಭೋಂಗಾದವನನ್ನು ಕರೆಯತೊಡಗಿದರು. "ಮೂರ ಸಲ ಹರಿಯೂ ಲೈನ್ ನಮಗ ಬ್ಯಾಡಪಾ" ಎಂದು ಅವನ ಎದುರಿಗೇ ಅಂದವರೂ ಉಂಟು. ನಮ್ಮ ಅತ್ತೆ ಲಗಮವ್ವನವರಂತೂ ಅವನು ಮನೆಗೆ ಬಂದಾಗಲೆಲ್ಲ ಚಹಾ ಕೊಡುತ್ತ, "ಏನಪಾ ಸುಮಾರ ತಂತಿ, ಆರಾಮ ಇದ್ದೀಯೇನು?" ಅನ್ನುವವರು. ಪ್ರೀತಿಯಿಂದಲೇ ಅನ್ನುವವರು. ಅವನೂ ಹಲ್ಲು ಬಿಟ್ಟು ನಕ್ಕು, ಬಸಿಯಲ್ಲಿ ಸುರುವಿಕೊಂಡು ಚಹಾ ಕುಡಿಯುತ್ತಿದ್ದ. ನಾನು ಒಲೆಯ ಮುಂದೆ ತುಟಿ ಕಚ್ಚಿಕೊಂಡು ಕುಳಿತಿರುತ್ತಿದ್ದೆ.

ಐದಾರು ವರ್ಷ ಹೀಗೇ ಕಳೆದವು. ಒಂದು ಚಳಿಗಾಲ ಮಾಮಾ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡ. ಹನ್ನೆರಡನೆಯ ದಿನಕ್ಕೆ ನಾನು, ಅತ್ತೆ, ನನ್ನ ಮೂರು ವರ್ಷದ ಮಗಳು ಸೊಲ್ಲಾಪುರಕ್ಕೆ ಹೋದೆವು. ಚಾಳಿನ ಅಂಗಳದಲ್ಲಿ ಊಟವಾದ ಮೇಲೆ ಮಂದಿ ಅವನ ಒಂದೊಂದೇ ಮಾತು ನೆನೆದು ನಗುತ್ತಿದ್ದರು, ಕಾಶವ್ವ ಅತ್ತಿಯೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಟಿಕೀಟಿನ ಕತೆ ಬಂತು, ಶಾಲಿನ ಕತೆ ಬಂತು. ನಮ್ಮ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮನಷ್ಯಾ ಬಂಗಾರ ಇದ್ದಾ ಬಿಡ್ರಿ. ತಂತಿ ಅಷ್ಟ ಸುಮಾರ. ನಮ್ಮ ಮದುವ್ಯಾಗ ಮೂರ ಸಲ ಹರೀತು" ಅಂದರು. ಎಲ್ಲರೂ ನಕ್ಕರು. ಕಾಶವ್ವ ಅತ್ತಿ ನಗಲಿಲ್ಲ. ಅವಳು ತಲೆ ತಗ್ಗಿಸಿದ್ದನ್ನು ನೋಡಿ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ.

"ಮಾಮಾನ ತಂತಿ ಒಮ್ಮಿನೂ ಹರದಿಲ್ರಿ ಅತ್ತೀ" ಎಂದೆ. "ಅಪ್ಪಗ ಕೆಮ್ಮ ಬಂದಾಗೊಮ್ಮೆ ಅವ ಗುಂಡಿ ಬಿಟ್ಟಾನ. ನಿಮ್ಮ ಕಿವೀಗೆ ಬೀಳಬಾರದಂತ."

ಅತ್ತೆ ನನ್ನ ಮುಖ ನೋಡಿದರು, ಕಾಶವ್ವ ಅತ್ತಿಯ ಮುಖ ನೋಡಿದರು.

"ಮೂರ ಸಲಾನೂ?"

"ಮೂರ ಸಲಾನೂರಿ."

"ಬಿಟ್ಟಿರದಿದ್ರ ನಾ ಖರೇನ ನನ್ನ ಮಗನ್ನ ಎಬ್ಬಿಸಿಕೊಂಡ ಹೋಗತಿದ್ನಿ ಚಂದ್ರೀ" ಎಂದು ಅತ್ತೆ ತೊಡೆಯ ಮೇಲಿದ್ದ ನನ್ನ ಮಗಳನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡರು.